ಶತ್ರುವಿನ ತಂದೆಯ ಹೆಸರು

೨೦೦೮ನೇ ಇಸವಿ ಆಗಸ್ಟ್ ಹನ್ನೊಂದರಂದು ಶಿರಸಿ ತಾಲ್ಲೂಕಿನಲ್ಲಿ ಚಹಾ ಕುಡಿಯುವುದು ದ್ರೋಹವಾಯಿತು. ಅಲ್ಲಿಯವರೆಗೆ ಅದು ಬರೀ ಅಭ್ಯಾಸವಾಗಿತ್ತು.

ಈ ಬದಲಾವಣೆಯನ್ನು ತಾಲ್ಲೂಕಿಗೆ ತಂದ ಕೀರ್ತಿ ಸೊಸೈಟಿಯೊಂದರ ಗುಮಾಸ್ತ ಕಿಶೋರ ಹೆಗಡೆಗೆ ಸಲ್ಲಬೇಕು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಆತ ನೂರಾರು ಸಭೆಗಳ ನಡಾವಳಿ ಬರೆದಿದ್ದ. ಒಂದರಲ್ಲೂ ಯಾರೂ ಅವನ ಅಭಿಪ್ರಾಯ ಕೇಳಿರಲಿಲ್ಲ. ಮನೆಯಲ್ಲಿ ಕೇಳುತ್ತಿದ್ದರು, ಸಾರಿಗೆ ಉಪ್ಪು ಸಾಕೋ ಎಂದು. ಅದನ್ನು ಅಭಿಪ್ರಾಯದ ಲೆಕ್ಕಕ್ಕೆ ಹಿಡಿಯಲಾಗದು.

ಹೀಗಿರುವಾಗ ಒಂದು ಸಂಜೆ, ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಆರ್ಕುಟ್ ತೆರೆದವನಿಗೆ 'ಅಖಂಡ ಕಷಾಯ ಸೇನೆ' ಎಂಬ ಬಳಗದ ಆಮಂತ್ರಣ ಕಾದಿತ್ತು. ಕಿಶೋರ ಸೇರಿಕೊಂಡ. ಕರೆ ಬಂದ ಮೇಲೆ ಹೋಗದಿದ್ದರೆ ತಪ್ಪಾಗುತ್ತದೆ ಎಂಬುದು ನಮ್ಮ ಕಡೆಯ ರಿವಾಜು. ಊಟಕ್ಕೆ ಹೇಳಿದರೂ ಅಷ್ಟೇ, ಉಗ್ರವಾದಕ್ಕೆ ಹೇಳಿದರೂ ಅಷ್ಟೇ.

ಮೊದಲ ವಾರ ಸೇನೆ ಕೇಳಿದ್ದು ಇಷ್ಟೇ: ಅಜ್ಜಿ ಕಾಸುತ್ತಿದ್ದ ಕಷಾಯ ನೆನಪಿದೆಯೇ? ಕೊತ್ತಂಬರಿ, ಜೀರಿಗೆ, ಬೆಲ್ಲ ಎಂದು ಬರೆಯುತ್ತ ಬರೆಯುತ್ತ ಹಲವರು ಕಣ್ಣು ಒರೆಸಿಕೊಂಡರು. ಎರಡನೇ ವಾರ: ಆ ಕಷಾಯ ಎಲ್ಲಿ ಹೋಯಿತು? ಮೂರನೇ ವಾರ: ಅದನ್ನು ಕಸಿದುಕೊಂಡವರು ಯಾರು? ನಾಲ್ಕನೇ ವಾರ, ಅಂದರೆ ಮೇಲೆ ಹೇಳಿದ ತಾರೀಖಿನಂದು, ಸದಸ್ಯರಿಗೆ ಶ್ರಮವಾಗದಿರಲೆಂದು ಉತ್ತರವನ್ನೂ ಕಳಿಸಲಾಯಿತು: ಚಹಾದವರು.

ಸೇನೆಗೊಬ್ಬ ದಳಪತಿಯಿದ್ದ. ಫೋಟೊದ ಜಾಗದಲ್ಲಿ ಹುಲಿಯಿತ್ತು, ಆದ್ದರಿಂದ ಅವನ ಧೈರ್ಯದ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ಆತ ಖುದ್ದಾಗಿ ಬರೆದ: "ಕಿಶೋರರೇ, ನಿಮ್ಮ ಅಭಿಪ್ರಾಯವೇನು?" ಕಿಶೋರ ಅದನ್ನು ಮೂರು ಸಲ ಓದಿದ. ಹೇಳಲು ಅಭಿಪ್ರಾಯವೇನೂ ಇರಲಿಲ್ಲ. ದಳಪತಿ ಅದನ್ನೂ ಕಳಿಸಿಕೊಟ್ಟ.

ತಾಲ್ಲೂಕು ಉಪಸಂಚಾಲಕನ ಹುದ್ದೆ ಖಾಲಿಯಿತ್ತು. ಅರ್ಜಿದಾರ ನಮೂನೆ ಮೂರು, ಅಂದರೆ ಶತ್ರು ಘೋಷಣಾ ಪತ್ರ, ತುಂಬಬೇಕು. ನಿಯಮ ಏಳರ ಪ್ರಕಾರ ಗುರುತು ಪರಿಚಯವಿಲ್ಲದವರನ್ನು ಶತ್ರುವೆಂದು ಸೂಚಿಸುವಂತಿಲ್ಲ. ಕನಿಷ್ಠ ಐದು ವರ್ಷದ ಒಡನಾಟ ಕಡ್ಡಾಯ. ಕಿಶೋರನಿಗೆ ಅಷ್ಟು ಒಡನಾಟವಿದ್ದ ಚಹಾದವನೆಂದರೆ ಕೆರಿಯ ಒಬ್ಬನೇ. ಹದಿನಾಲ್ಕು ವರ್ಷ, ದಿನಾ ಹತ್ತು ಗಂಟೆಗೆ, ಅವನ ಗೂಡಂಗಡಿಯಲ್ಲೇ ಚಹಾ. ಕಿಶೋರನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ ಹದಿನೆಂಟು ದಿನವೂ ಯಾರೂ ಹೇಳದೆ ಥರ್ಮಾಸಿನಲ್ಲಿ ಚಹಾ ತಂದಿಟ್ಟು ಹೋದವನು ಅವನು. ಒಡನಾಟದ ಕಾಲಂ ಸಲೀಸಾಗಿ ತುಂಬಿತು. ತಂದೆಯ ಹೆಸರಿನ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

ಮರುದಿನ ಹೋಗಿ ಕೇಳಿದ.

"ಕೆರಿಯಾ, ನಿನ್ನ ಅಪ್ಪನ ಹೆಸರೆಂತದೋ?"

"ಎಂತಕ್ಕೆ ಹೆಗಡೇರೆ?"

"ನಿನ್ನನ್ನ ಶತ್ರು ಅಂತ ಘೋಷಣೆ ಮಾಡೂದಿತ್ತು."

"ರೇಶನ್ ಕಾರ್ಡು ಬೇಕಾಗ್ತದಾ?"

"ಬೇಡ, ಹೆಸರು ಸಾಕು."

"ಚೌಡ ಅಂತ ಬರ್ಕೊಳ್ಳಿ. ಚಾ ಇಡ್ಲಾ?"

"ಇಡು."

ಶತ್ರುವಿನ ಅಧ್ಯಯನಕ್ಕಾಗಿ ಕುಡಿದ ಚಹಾ ಚಹಾ ಅಲ್ಲವೆಂದು ನಿಯಮ ಒಂಬತ್ತರಲ್ಲಿದೆ.

ಆಮೇಲೆ ಎಲ್ಲ ಕ್ರಮಬದ್ಧವಾಗಿ ನಡೆಯಿತು. ಸೇನೆಯ ನಲವತ್ತೊಂದು ಮಂದಿ ಗೂಡಂಗಡಿಯ ಎದುರು ಸಾಲಾಗಿ ನಿಂತು, ಚಹಾಕ್ಕೆ ಬಂದವರ ಹೆಸರು ಬರೆದುಕೊಂಡರು. ಪೊಲೀಸರು ಬಂದು, ಸಾಲು ನೇರವಾಗಿದೆಯೆಂದು ಖಾತ್ರಿ ಮಾಡಿಕೊಂಡು ಹೋದರು. ಬನವಾಸಿ ರಸ್ತೆಯಲ್ಲಿ ಚಹಾ ಮಾರುವ ಬಸಪ್ಪ ಮಾತ್ರ ಆಕ್ಷೇಪಣೆ ಸಲ್ಲಿಸಿದ: "ನಮ್ದೂ ಚಹಾನ ಐತ್ರಿ. ಅವನೊಬ್ಬನ್ನ ಶತ್ರು ಮಾಡಿದ್ರ ನಮ್ಮ ಮರ್ಯಾದಿ ಏನಾಗಬೇಕ್ರಿ?" ಪರಿಚಯಕ್ಕೆ ಐದು ವರ್ಷ ತುಂಬಿದ ಮೇಲೆ ಪರಿಶೀಲಿಸಲಾಗುವುದೆಂದು ಅವನಿಗೆ ಹಿಂಬರಹ ಕೊಡಲಾಯಿತು. ಹನ್ನೆರಡನೇ ದಿನ ಕೆರಿಯ ಅಂಗಡಿ ಮುಚ್ಚಿದ.

ಆ ಸಂಜೆ ಹೆಂಡತಿ ಪರಿಮಳಾ ಕೇಳಿದಳು: "ಕೆರಿಯ ನಿಂಗಕ್ಕೆ ಎಂತ ಮಾಡಿದ್ದ?"

"ಎಂತೂ ಮಾಡಿದ್ನಿಲ್ಲೆ. ಪರಿಚಯ ಇದ್ದು, ಅಷ್ಟೇಯ."

ಹುದ್ದೆ ಬಂತು. ದಿನಾ ಹತ್ತು ಗಂಟೆಗೆ ತಲೆನೋವೂ ಬಂತು. ಕಿಶೋರ ಸೊಸೈಟಿಯಿಂದ ಹೊರಬಿದ್ದು, ಮುಚ್ಚಿದ ಗೂಡಂಗಡಿಯವರೆಗೆ ಹೋಗಿ, ಸ್ವಲ್ಪ ನಿಂತು ವಾಪಸು ಬರುತ್ತಿದ್ದ. ಕೆರಿಯ ಇಲ್ಲದ್ದು ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಆ ಸಂಕಟಕ್ಕೂ ಚಹಾದವರೇ ಕಾರಣವೆಂದು ದಳಪತಿ ಬರೆದ ಮೇಲೆ ಸಮಾಧಾನವಾಯಿತು.

ದೀಪಾವಳಿಯ ಹೊತ್ತಿಗೆ ಕೆರಿಯ ಮನೆಗೇ ಬಂದ. ಕೈಯಲ್ಲಿ ನಮೂನೆ ಮೂರಿತ್ತು.

"ಅಂಗಡಿ ಇಲ್ಲ, ಹೊತ್ತು ಹೋಗ್ತಿರ್ಲಿಲ್ಲ. ಸೈಬರಿಗೆ ಹೋದೆ, ಕರೆ ಬಂದಿತ್ತು," ಎಂದ. "ದಳಪತಿ 'ಕೆರಿಯರೇ, ನಿಮ್ಮ ಅಭಿಪ್ರಾಯವೇನು' ಅಂತ ಕೇಳ್ದ. ನನ್ನ ಹಂಗೆಲ್ಲ ಯಾರೂ ಕೇಳಿರ್ಲಿಲ್ಲ. ಒಂದು ಹುದ್ದೆನೂ ಖಾಲಿ ಇದೆಯಂತೆ."

ಕಿಶೋರ ತಲೆಯಾಡಿಸಿದ. ಅದೇನೆಂದು ಅವನಿಗೆ ಗೊತ್ತಿತ್ತು. "ಶತ್ರು ಯಾರು?"

"ನೀವೇಯ. ಹದ್ನಾಲ್ಕು ವರ್ಷ ದಿನಾ ಚಾ ಕುಡ್ದದ್ದಕ್ಕೆ ನಾನೇ ಸಾಕ್ಷಿ."

ಶತ್ರುವೇ ಆಕ್ಷೇಪಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕಿಶೋರ ಒಳಗಿಂದ ಪೆನ್ನು ತಂದುಕೊಟ್ಟ. "ಅಪ್ಪನ ಹೆಸರು ಬರ್ಕೋ…"

"ಅದು ಬರ್ದಾಯ್ತು ಹೆಗಡೇರೆ. ಆಸ್ಪತ್ರೆಲಿ ಮಂಚಕ್ಕೆ ಕಟ್ಟಿದ ಚೀಟಿಲಿತ್ತಲ್ಲ, ಹದಿನೆಂಟು ದಿನ ನೋಡಿದ್ದೆ. ಉಪಸಂಚಾಲಕರ ಕಾಲಮ್ಮಿಗೆ ನಿಮ್ದೊಂದು ಸಹಿ ಮಾಡಿ."

ಕಿಶೋರ ಸಹಿ ಮಾಡಿದ. ಪರಿಮಳಾ ಇಬ್ಬರಿಗೂ ಬಿಸಿ ಕಷಾಯ ತಂದಿಟ್ಟಳು. ಇಬ್ಬರಿಗೂ ಬೇಕಿದ್ದದ್ದು ಚಹಾ. ಈಗ ಇಬ್ಬರೂ ಪದಾಧಿಕಾರಿಗಳು, ಕಷಾಯವನ್ನೇ ಕುಡಿದರು.