ವಾಪಸ್ ಲೋಡು

ಕಳಸದ ನನ್ನ ಅಂಗಡಿಗೆ ಚಿಕ್ಕಮಗಳೂರಿಂದ ಅಕ್ಕಿ, ಬೇಳೆ ತರುವ ಲಾರಿ ಬರುವಾಗ ತುಂಬಿರುತ್ತದೆ. ಹೋಗುವಾಗ ಏನಿರುತ್ತದೆಂದು ಡ್ರೈವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನಗುವುದಕ್ಕೆ ನನಗೆಂದೂ ಬರವಿಲ್ಲ. ಅವನಿಗೆ ಮಾತ್ರ ನಗು ಕಷ್ಟ. "ಒಂದೇ ಒಂದು ಸಲ ಖಾಲಿ ಬಂದ್ರೂ ಕಳಸದ ಲೈನ್ ಬಂದ್" ಎಂದಿದ್ದಾರೆ ಲಾರಿ ಓನರ್. ಅವನಿಗಿರುವುದೇ ಅದೊಂದು ಲೈನು.

೧. ನೋಡುವ

ಲೋಡ್ ಇದ್ಯಾ ಅಂತ ಕೇಳಿದರೆ ನಮ್ಮ ಕಡೆ ಯಾರೂ ಇದೆ, ಇಲ್ಲ ಅನ್ನುವುದಿಲ್ಲ. "ನೋಡುವ" ಅನ್ನುತ್ತಾರೆ. ಅದರಲ್ಲೇ ಲೋಡ್ ಸಿಗುತ್ತದೋ ಇಲ್ಲವೋ ಹೇಳಬಲ್ಲವನು ಇವನೊಬ್ಬನೇ.

"ಆಕಾಶ ನೋಡ್ಕೊಂಡು ಅಂದ್ರೆ, ಬಿಸಿಲು ಬಂದು ಕಾಫಿ ಒಣಗಿದ್ರೆ ಕೊಡ್ತಾರೆ. ಚಪ್ಪಲಿ ನೋಡ್ಕೊಂಡು ಅಂದ್ರೆ ಆಸೆ ಬಿಡ್ಬೇಕು."

"ಭಾರೀ ಇದ್ದೀಯ ಮಾರಾಯ. ಹಂಗೇ ಈ ಮೂಟೆಗಳನ್ನೂ ಒಳಗೆ ಇಡ್ತೀಯಾ?" ಅಂದೆ.

ಅವನು ಚಪ್ಪಲಿ ನೋಡಿಕೊಂಡ. "ನೋಡುವ."

೨. ಮದುವೆ

ಒಮ್ಮೆ ಎಸ್ಟೇಟಿನವರೊಬ್ಬರ ಕಣದಲ್ಲಿ ಹರಡಿದ್ದ ಕಾಫಿಬೀಜಕ್ಕೆ ಮಳೆ ಬಿದ್ದು ಲೋಡ್ ತಪ್ಪಿತು. ಇವನು ಸೀದಾ ಪಕ್ಕದ ಮದುವೆಮನೆಗೆ ಹೋಗಿ ಉಂಡ. ಕೈ ತೊಳೆಯುತ್ತಾ ಅಡುಗೆಭಟ್ಟರನ್ನು ಕೇಳಿದ, "ಈ ಪಾತ್ರೆಯೆಲ್ಲ ಎಲ್ಲಿಗೆ ವಾಪಸ್?"

"ಮೂಡಿಗೆರೆಗೆ."

ಕೊಪ್ಪರಿಗೆ, ಕುರ್ಚಿ, ಶಾಮಿಯಾನ, ಭಟ್ಟರು, ಎಲ್ಲ ಲಾರಿ ಹತ್ತಿದವು. ಅಷ್ಟರಲ್ಲಿ ಓನರ್ ಫೋನು.

"ಲೋಡ್ ಏನಯ್ಯಾ?"

"ಮದುವೆ ಸಾರ್."

"ಯಾರದ್ದು?"

"ಕೇಳ್ಲಿಲ್ಲ ಸಾರ್. ಊಟ ಚೆನ್ನಾಗಿತ್ತು."

೩. ರೈಟರ್ ಫೋನು

ಇಂಥವನನ್ನು ಬೇಸ್ತು ಬೀಳಿಸದೆ ಬಿಡುವುದುಂಟೇ? ಪಕ್ಕದ ಮನೆಯವರ ಫೋನಿನಲ್ಲಿ ಗಂಟಲು ದಪ್ಪ ಮಾಡಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದೆ. "ನಾಳೆ ಎಂಟಕ್ಕೆ ಜಾವಳಿಗೆ ಬಾ. ಮೂವತ್ತು ಮೂಟೆ ಕಾಫಿ, ಖಂಡಿತ."

"ಆಯ್ತು ಸಾರ್."

ಅವನು ಪೆಚ್ಚಾಗುವುದನ್ನು ನೋಡಿ, ಆಮೇಲೆ ನಾನೇ ಲೋಡ್ ಹುಡುಕಿಕೊಡುವ ಯೋಚನೆಯಿತ್ತು. ಹಾಗಂತ ಈಗ ಹೇಳುತ್ತೇನೆ. ಬೆಳಿಗ್ಗೆ ಜಾವಳಿಗೆ ಹೋಗಿ ಕಾಫಿಗಿಡದ ಮರೆಯಲ್ಲಿ ನಿಂತೆ. ಹತ್ತಾದರೂ ಲಾರಿಯಿಲ್ಲ. ಖಾಲಿಯೇ ಹೋಗಿಬಿಟ್ಟನೋ? ಅವನ ಲೈನ್ ಹೋದರೆ ಪಾಪ ನನ್ನದೇ. ಫೋನ್ ಮಾಡಿದೆ.

"ನೀವು ಅಂತ ಆಗ್ಲೇ ಗೊತ್ತಾಯ್ತಣ್ಣ. 'ಖಂಡಿತ' ಅನ್ನೋ ರೈಟರನ್ನ ಈ ಕಡೆ ನಾನಿನ್ನೂ ಕಂಡಿಲ್ಲ."

"ಮತ್ತೆ ಖಾಲಿ ಹೋಗ್ತಿದ್ದೀಯಾ?"

"ಎಲ್ಲಿ ಖಾಲಿ? ಕಾಫಿ ಲೋಡಿದೆ ಅಂತ ಅಣ್ಣನೇ ಫೋನ್ ಮಾಡಿದ್ರು ಅಂತ ನಿಮ್ಮನೇಲಿ ಹೇಳ್ದೆ. ಸುಳ್ಳಲ್ಲವಲ್ಲ?"

ರೇಟು ಏರಲಿ ಎಂದು ವರ್ಷದಿಂದ ನಾನು ನಡುಮನೆಯಲ್ಲಿ ಪೇರಿಸಿಟ್ಟಿದ್ದ ಕಾಫಿ ಮೂಟೆಗಳೇ ಅವನ ಲಾರಿ ಹತ್ತಿದ್ದವು. ಹೆಂಡತಿ ದಿನಾ ಅವಕ್ಕೆ ಬೈದುಕೊಂಡೇ ಕಸ ಗುಡಿಸುತ್ತಿದ್ದಳು.

"ಅವಳು ಏನಂದ್ಲು?"

"ಇರಿ, ಅತ್ತಿಗೆಗೇ ಕೊಡ್ತೀನಿ."

"ರೀ, ಒಳ್ಳೇ ಕೆಲಸ ಮಾಡಿದ್ರಿ," ಅಂದಳು ಹೆಂಡತಿ. "ಮುಂದಿನ ಸೀಟು ಖಾಲಿ ಹೋಗ್ತಿತ್ತು, ನಾನೂ ಹತ್ತಿಬಿಟ್ಟೆ. ಚಿಕ್ಕಮಗಳೂರಲ್ಲಿ ಅಮ್ಮನ ಮನೇಲಿ ಎಂಟು ದಿನ ಇರ್ತೀನಿ. ಅನ್ನ ನೀವೇ ಮಾಡ್ಕೊಳ್ಳಿ."