ಏಳನೆಯ ಪ್ರೋಗ್ರಾಮಿನ ಬಣ್ಣ

ಸೋಮಾರಿತನಕ್ಕಿಂತ ಅಚ್ಚುಕಟ್ಟುತನವೇ ಮನುಷ್ಯನನ್ನು ಹೆಚ್ಚು ಸುಸ್ತು ಮಾಡುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ತಿಪಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು, ಪ್ರಾಕ್ಟಿಕಲ್ ಪರೀಕ್ಷೆಗೆಂದು ಅರವತ್ತು ಪ್ರೋಗ್ರಾಮುಗಳ ಕೈಪಿಡಿ ಮಾಡಿಕೊಡುವುದಾಗಿ ನಾನಾಗಿಯೇ ಒಪ್ಪಿಕೊಂಡೆ. ಕಪ್ಪು ಅಕ್ಷರದಲ್ಲಿ ಬರೆದು ಮುಗಿಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ನನಗೆ ಆದೇಶಗಳು ನೀಲಿ, ಅಂಕಿಗಳು ಕೆಂಪು, ಟಿಪ್ಪಣಿಗಳು ಹಸಿರು ಬಣ್ಣದಲ್ಲೇ ಬರಬೇಕಿತ್ತು. ನನ್ನ ಮದುವೆ ಪತ್ರಿಕೆಗೂ ನಾನು ಇಷ್ಟು ಬಣ್ಣ ಕೇಳಿರಲಿಲ್ಲ.

ಬಣ್ಣ ಹಚ್ಚಲು ಒಂದು ಪುಟ್ಟ ತಂತ್ರಾಂಶವಿತ್ತು. ಕೈಪಿಡಿಯನ್ನು ಪಿಡಿಎಫ್ ಮಾಡು ಎಂದರೆ ಅದು ಮೊದಲಿನಿಂದ ಶುರುಮಾಡಿ, ಒಂದೊಂದು ಪದವನ್ನೂ ತಡವಿ, ಅರವತ್ತಕ್ಕೂ ಬಣ್ಣ ಹಚ್ಚುತ್ತಿತ್ತು. ಮುಕ್ಕಾಲು ಗಂಟೆ ಬೇಕು. ಒಂದು ಅಲ್ಪವಿರಾಮ ತಿದ್ದಿದರೂ ಮತ್ತೆ ಮುಕ್ಕಾಲು ಗಂಟೆ. ನಮ್ಮೂರಿನ ಕರೆಂಟಿಗೆ ಅಷ್ಟು ಹೊತ್ತು ನಿಲ್ಲುವ ಅಭ್ಯಾಸವಿಲ್ಲ. ಐವತ್ತನೆಯದಕ್ಕೆ ಬರುವಷ್ಟರಲ್ಲಿ ಹೋಗುತ್ತಿತ್ತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ತಾನೂ ಸುಮ್ಮನಾಗುತ್ತಿತ್ತು. ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. ವಿದ್ಯಾರ್ಥಿಗಳು ಸಿಕ್ಕಲ್ಲೆಲ್ಲ "ಪುಸ್ತಕ ಯಾವಾಗ ಸರ್" ಎನ್ನುತ್ತಿದ್ದರಿಂದ ನಾನು ಬಸ್ ನಿಲ್ದಾಣದ ಕಡೆ ಹೋಗುವುದನ್ನೇ ಬಿಟ್ಟಿದ್ದೆ.

ಒಂದು ಭಾನುವಾರ ಕೆಂಕೆರೆಯಿಂದ ಬಂದಿದ್ದ ನನ್ನ ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಪರದೆಯನ್ನೇ ನೋಡಿದರು.

"ಅಳಿಯಂದ್ರೇ, ಬೆಳಿಗ್ಗೆ ಬಣ್ಣ ಹಾಕಿದ್ದಕ್ಕೇ ಈಗ್ಲೂ ಹಾಕ್ತಾ ಐತಲ್ಲ ಇದು?"

"ಹೌದು ಮಾವ."

"ಅಟ್ಟಕ್ಕೆ ಹಾಕಿದ ಕಾಯ್ನ ದಿನಾ ಇಳಿಸಿ ನೋಡ್ತೀವಾ ನಾವು? ಕೊಬ್ಬರಿ ಆಗೋಗಂಟ ಅದರ ಪಾಡಿಗೆ ಬುಟ್ಬುಡ್ತೀವಿ ಕಣಪ್ಪ."

ವರ್ಷಗಟ್ಟಲೆ ಕಂಪ್ಯೂಟರ್ ಕಲಿಸಿದವನಿಗೆ ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ಒಮ್ಮೆ ಬಣ್ಣ ಹಚ್ಚಿದ್ದನ್ನು ಆ ಪ್ರೋಗ್ರಾಮಿನ ನಂಬರು ಹಾಕಿ ಬೇರೆ ಕಡೆ ತೆಗೆದಿಟ್ಟುಕೋ, ಮತ್ತೆ ಅದೇ ನಂಬರು ಕಂಡರೆ ಇಟ್ಟಿದ್ದನ್ನೇ ತಂದು ಅಂಟಿಸು ಎಂದು ಕಂಪ್ಯೂಟರಿಗೆ ಬರೆದುಕೊಟ್ಟೆ. ಮುಕ್ಕಾಲು ಗಂಟೆಯ ಕೆಲಸ ಎರಡು ನಿಮಿಷಕ್ಕಿಳಿಯಿತು. ಆ ಖುಷಿಯಲ್ಲಿ ಕೈಪಿಡಿಯನ್ನು ಇನ್ನೊಮ್ಮೆ ಓದಿದಾಗ, ಅತಿ ದೊಡ್ಡ ಸಂಖ್ಯೆ ಹುಡುಕುವ ಏಳನೆಯ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆ ತಿರುಗುಮುರುಗಾಗಿದ್ದು ಕಂಡಿತು. ತಿದ್ದಿದೆ, ಪಿಡಿಎಫ್ ಮಾಡಿದೆ, ಅಚ್ಚಿಗೆ ಕೊಟ್ಟೆ. ನಾನು ತಿದ್ದಿದ್ದನ್ನು ಕಂಪ್ಯೂಟರ್ ನೋಡಲೇ ಇಲ್ಲ. ನಂಬರು ಅದೇ ಇತ್ತಲ್ಲ, ಹಳೆಯದನ್ನೇ ತಂದು ಅಂಟಿಸಿತ್ತು. ಅಂಟಿಸಿದ್ದನ್ನು ನಾನೂ ನೋಡಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲರಿಗೂ ಕೊಟ್ಟಿದ್ದು ಅದೇ ಪ್ರೋಗ್ರಾಮನ್ನು. ಐದು, ಒಂಬತ್ತು, ಎರಡು ಎಂದು ಒತ್ತಿದರೆ ಸಾಲಿನ ಕಂಪ್ಯೂಟರುಗಳೆಲ್ಲ ಎರಡೇ ದೊಡ್ಡದು ಎಂದವು. "ಎಲ್ರೂ ಒಂದೇ ಥರ ತಪ್ಪು ಮಾಡೋ ಹಂಗೆ ಚೆನ್ನಾಗಿ ಕಲಿಸಿದ್ದೀರಿ ಕಣ್ರೀ" ಎಂದರು ಅವರು. ತಪ್ಪು ನನ್ನದು, ಮಕ್ಕಳ ಅಂಕ ಕಳೆಯಬೇಡಿ ಎಂದು ಬೇಡಿಕೊಂಡು, ಇನ್ನೊಂದು ಪ್ರೋಗ್ರಾಮ್ ಕೊಡಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ದಬ್ಬೇಘಟ್ಟದಿಂದ ಬರುವ ಹುಡುಗಿಯೊಬ್ಬಳ ಕಂಪ್ಯೂಟರ್ ಮಾತ್ರ ಒಂಬತ್ತು ಎಂದಿತ್ತು. ಎಲ್ಲ ಮುಗಿದ ಮೇಲೆ ಕರೆದು ಕೇಳಿದೆ.

"ಪುಸ್ತಕ ಕೊಟ್ಟ ದಿನ ಬಸ್ ತಪ್ಪೋಯ್ತು ಸರ್. ನಾನೇ ಯೋಚ್ನೆ ಮಾಡಿ ಬರ್ದೆ."

ಮೇಜಿನ ಮೇಲೆ ಉಳಿದಿದ್ದ ಒಂದು ಪ್ರತಿಯನ್ನು ಸಂಕೋಚದಿಂದಲೇ ಅವಳಿಗೆ ಕೊಟ್ಟೆ. ಪುಟ ತಿರುವಿ ನೋಡಿ, ಬಣ್ಣ ಬಾಳ ಚೆನ್ನಾಗೈತೆ ಎಂದಳು. ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ನನಗೆ ಸಮಾಧಾನ ಹೇಳಿದಳು:

"ಹೆಂಗೂ ಪರೀಕ್ಷೆ ಮುಗೀತಲ್ಲ ಸರ್, ಇನ್ನು ಓದಿದ್ರೂ ಏನೂ ಆಗಲ್ಲ ಬುಡಿ."