ಮಾಲಿಂಗಪ್ಪನ ಮನೆಯ ಸ್ಕೋನು

ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಮಾಲಿಂಗಪ್ಪನಿಗೆ ಎರಡು ಚಟಗಳಿದ್ದವು. ಒಂದು ಇಂಗ್ಲಿಷ್ ಮಾತಾಡುವುದು, ಇನ್ನೊಂದು ಮಾತಾಡುವ ಭರದಲ್ಲಿ ಬಡಾಯಿ ಕೊಚ್ಚುವುದು. ಗಿರಣಿಯ ಬಿಳಿ ಸಾಹೇಬರ ಬಂಗಲೆಯಲ್ಲಿ ಒಂದು ಸಂಜೆ ಮೇಮ್‌ಸಾಹೇಬರು ಸ್ಕೋನು ಎಂಬ ಬಿಸಿ ತಿನಿಸನ್ನು ಕೈಗಿತ್ತಾಗ ಎರಡೂ ಒಟ್ಟಿಗೇ ಕೆರಳಿದವು.

"ಇದನ್ನು ನನ್ನ ಹೆಂಡತಿಯೂ ಮಾಡುತ್ತಾಳೆ" ಎಂದು ಇಂಗ್ಲಿಷಿನಲ್ಲಿ ಅಂದುಬಿಟ್ಟ.

"ಹಾಗಾದರೆ ರವಿವಾರ ನಿಮ್ಮ ಮನೆಗೇ ಚಹಾಕ್ಕೆ ಬರುತ್ತೇನೆ" ಎಂದರು ಆಕೆ.

ಮನೆಯಲ್ಲಿ ಕಾಶೆವ್ವ ಜೋಳ ಹಸನು ಮಾಡುತ್ತಿದ್ದಳು.

"ಸ್ಕೋನ್ ಅಂದ್ರ ಏನ್ರಿ?"

"ರೊಟ್ಟಿ ಅಲ್ಲ, ಚಪಾತಿ ಅಲ್ಲ, ಬಿಸ್ಕೀಟೂ ಅಲ್ಲ."

"ಏನೇನ ಅಲ್ಲ ಅನ್ನೂದು ತಿಳೀತು. ಏನಂತ ಹೇಳ್ರಿ."

ಬಂಗಲೆಯ ಅಡಿಗೆಯವನನ್ನು ಕೇಳಿಕೊಂಡು ಬಂದದ್ದನ್ನು ಹೇಳಿದ: ಗೋದಿ ಹಿಟ್ಟು, ಬೆಣ್ಣೆ, ಹುಳಿ ಮಜ್ಜಿಗೆ, ಚಿಟಿಕೆ ಸೋಡಾ. ತತ್ತಿ ಇಲ್ಲವೆಂದು ಕೇಳಿ ಕಾಶೆವ್ವ ಅರ್ಧ ಒಪ್ಪಿದಳು.

"ಸುಳ್ಳಂತ ಗೊತ್ತಾದ್ರ ಸಾಹೇಬ್ರು ನನ್ನ ನಂಬಂಗಿಲ್ಲ. ಗಿರಣಿ ಕೋಠಿ ಕೀಲಿ ನನ್ನ ಕಡೆ ಐತಿ, ನಾಳೆ ಕಸಗೊಂಡ್ರ?" ಎಂದಾಗ ಉಳಿದರ್ಧವನ್ನೂ ಒಪ್ಪಿದಳು.

ರವಿವಾರ ಹಿಟ್ಟು ನಾದುವ ಮಹತ್ಕಾರ್ಯವನ್ನು ಮಾಲಿಂಗಪ್ಪನೇ ವಹಿಸಿಕೊಂಡ (ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಅವನ ವಾದ). ಪೈಲ್ವಾನನಂತೆ ಅದನ್ನು ಕೆಡವಿ, ಗುದ್ದಿ, ಮಣಿಸಿದ. ಬೆಂದ ಮೇಲೆ ಒಂದನ್ನು ಕಚ್ಚಿದವನು ದವಡೆ ಹಿಡಿದುಕೊಂಡು ಕೂತ.

"ಹೊರಗ ನಡೀರಿ" ಎಂದಳು ಕಾಶೆವ್ವ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟಾಂಗಾದ ಸಪ್ಪಳ. ನಾದಲು ಹೊತ್ತೆಲ್ಲಿ? ಸಿಟ್ಟಿನಲ್ಲೇ ಹೊಸ ಹಿಟ್ಟನ್ನು ಬೆರಳ ತುದಿಯಿಂದ ಕಲಸಿ, ತಟ್ಟಿ, ಹಂಚಿನ ಮೇಲಿಟ್ಟಳು. ಮುಚ್ಚಳ ಮುಚ್ಚಿ ಅದರ ಮೇಲೂ ಕೆಂಡ ಹರಡಿದಳು.

ಮೇಮ್‌ಸಾಹೇಬರು ಬಂದು ಕುರ್ಚಿಯಲ್ಲಿ ಕೂತು ಮಾಲಿಂಗಪ್ಪನ ಕುಶಲ, ಅವನ ಹೆಂಡತಿಯ ಹೆಸರು ವಿಚಾರಿಸಿ ಮುಗಿಸುವಷ್ಟರಲ್ಲಿ ಸ್ಕೋನು ಉಬ್ಬಿ ಬಂದವು. ಜೊತೆಗೆ ಬೆಣ್ಣೆ, ಬೆಲ್ಲ ಹಾಕಿ ಕಾಸಿದ ಮಾವಿನಕಾಯಿ ಗುಳಂಬ. ಆಕೆ ಒಂದನ್ನು ಮುರಿದು, ಗುಳಂಬ ಸವರಿ, ಕಚ್ಚಿ ಕಣ್ಣು ಮುಚ್ಚಿದರು. ಮಾಲಿಂಗಪ್ಪ ಆಕೆಯ ದವಡೆಯನ್ನೇ ನೋಡುತ್ತ ನಿಂತ.

"ಇವರು ಎಂದಿನಿಂದ ಮಾಡುತ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾಲಿಂಗಪ್ಪ ಹೆಂಡತಿಗೆ ತಿಳಿಸಿದ.

"ಇವತ್ತ ಮೊದಲು. ನಮ್ಮವರು ಬಡಾಯಿ ಕೊಚ್ಚಿ ನನ್ನ ಕೊರಳಿಗೆ ಕಟ್ಟ್ಯಾರ ಅಂತ ಹೇಳ್ರಿ" ಎಂದಳು ಕಾಶೆವ್ವ.

"ಚಿಕ್ಕಂದಿನಿಂದ ಮಾಡುತ್ತಾಳಂತೆ" ಎಂದು ಅನುವಾದಿಸಿದ.

"ಇಷ್ಟು ಮೆತ್ತಗೆ ಹೇಗಾಯಿತು?"

"ಗಂಡಸರನ್ನ ಒಲಿ ಹತ್ರ ಬಿಡಬಾರದು, ಅಷ್ಟ."

"ಹಿಟ್ಟನ್ನು ಹೆಚ್ಚು ನಾದಬಾರದಂತೆ."

ಮೇಮ್‌ಸಾಹೇಬರು ಕಪ್ಪು ಕೆಳಗಿಟ್ಟು ನೇರವಾಗಿ ಕಾಶೆವ್ವನ ಕಡೆ ತಿರುಗಿದರು.

"ಖರೆ ಮಾತ ಕಾಶೆವ್ವ. ನಮ್ಮ ಸಾಹೇಬ್ರನ್ನೂ ನಾ ಒಳಗ ಬಿಡಂಗಿಲ್ಲ."

ಮಾಲಿಂಗಪ್ಪನ ಇಂಗ್ಲಿಷ್ ಅಲ್ಲಿಗೇ ನಿಂತಿತು.

"ನಿಮಗ ಕನ್ನಡ..."

"ಸಂತಿ ಮಾಡೂದು ನಾನ ಅಲ್ಲೇನು? ನಿಮಗ ಇಂಗ್ಲೀಷ ಮಾತಾಡೂದಂದ್ರ ಭಾಳ ಖುಷಿ, ಅದಕ್ಕ ಸುಮ್ಮನಿದ್ದೆ."

"ಸಾಹೇಬ್ರಿಗೆ ಏನಂತ ಹೇಳ್ತೀರಿ?" ಅವನ ದನಿ ಇಳಿದಿತ್ತು.

"ಸ್ಕೋನ್ ಚಲೋ ಆಗಿದ್ವು ಅಂತ. ಅದೇನ ಸುಳ್ಳಲ್ಲಲ್ಲ."

ಗುಳಂಬ ಕಾಸುವುದನ್ನು ನೋಡಲು ಹೆಂಗಸರಿಬ್ಬರೂ ಒಳಗೆ ಹೋದರು. ದುಭಾಷಿಯನ್ನು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಶೆವ್ವನ ದನಿ ಕೇಳಿತು:

"ಏನ್ರಿ, ಒಂದ ಕೊಡ ನೀರ ಸೇದಿ ತರ್ರಿ."

ಮಾಲಿಂಗಪ್ಪ ಯಾವ ಭಾಷೆಯಲ್ಲೂ ಮರುಮಾತಾಡದೆ ಕೊಡ ಎತ್ತಿಕೊಂಡು ಬಾವಿಗೆ ನಡೆದ.